ಐದು ದಿನದ ಚಿಕಿತ್ಸೆಗೆ ಸೈಟು ಮಾರಬೇಕೇ?

ಹಾಸನ ಜಿಲ್ಲೆಯ ಓದುಗರೊಬ್ಬರು ತಮ್ಮ ತಂಗಿಯ ಬಗ್ಗೆ ಬರೆದಿದ್ದಾರೆ. ತಂಗಿಗೆ ನಾಲ್ಕು ವರ್ಷದಿಂದ ಖಿನ್ನತೆ. ಮೂರು ಸಲ ಮಾತ್ರೆ ಬದಲಾಯಿಸಿದರೂ ಗುಣ ಕಂಡಿಲ್ಲ. ಅಮೆರಿಕದಲ್ಲಿರುವ ನೆಂಟರು ‘ತಲೆಗೆ ಅಯಸ್ಕಾಂತ ಇಟ್ಟು ಐದೇ ದಿನದಲ್ಲಿ ವಾಸಿ ಮಾಡ್ತಾರೆ’ ಎಂದರಂತೆ. ‘ಸೈಟು ಮಾರಿಯಾದರೂ ಕರೆದುಕೊಂಡು ಹೋಗಲೇ? ಇದೂ ಕರೆಂಟ್ ಕೊಡೋದೇ ಅಲ್ವಾ? ಅವಳಿಗೆ ಇನ್ನೂ ಹೇಳಿಲ್ಲ. ಈಚೆಗೆ ನಾನು ಇದ್ದು ಯಾರಿಗೇನು ಅಂತಾಳೆ’ ಎನ್ನುತ್ತದೆ ಪತ್ರ.

ನಮಸ್ಕಾರ.

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ತಂಗಿ ಆಡಿದ ಆ ಮಾತನ್ನು ಮುಂದಿನ ತಪಾಸಣೆಯವರೆಗೆ ಇಟ್ಟುಕೊಳ್ಳಬೇಡಿ. ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ. ಸಿಗದಿದ್ದರೆ 14416ಕ್ಕೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ತಂಗಿಯನ್ನೂ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಹೆದರಬೇಡಿ, ಹಾಗಾಗುವುದಿಲ್ಲ. ಮಾತ್ರೆಗಳು ನಿಮ್ಮ ಕೈಯಲ್ಲಿರಲಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಬೀಗ ಹಾಕಿಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ.

ಈಗ ಅಯಸ್ಕಾಂತದ ವಿಷಯ. ನೆಂಟರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದಾರೆ.

ಈ ಚಿಕಿತ್ಸೆಗೆ ಡಾಕ್ಟರುಗಳು ಟಿಎಂಎಸ್ ಎನ್ನುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಅವರ ಜೊತೆಯವರು ತಲೆಯ ಹೊರಗಿನಿಂದಲೇ ಅಯಸ್ಕಾಂತದ ಮಿಡಿತ ಕೊಟ್ಟು ಮೆದುಳನ್ನು ಪ್ರಚೋದಿಸಿ ತೋರಿಸಿದರು. ಖಿನ್ನತೆಗೆ ಇದನ್ನು ಬಳಸಲು ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಪ್ಲಗ್ ಕೊಟ್ಟು, ತಲೆಗೆ ಕಾಯಿಲ್, ಅಂದರೆ ಮಿಡಿತ ಹೊರಡಿಸುವ ತಂತಿಯ ಸುರುಳಿ, ತಾಗಿಸುತ್ತಾರೆ. ಯಾರಿಗೆ ಎಷ್ಟು ಶಕ್ತಿ ಬೇಕೆಂದು ಮೊದಲು ನೋಡಬೇಕಲ್ಲ, ಅದಕ್ಕೆ ಕೈಯನ್ನು ಆಡಿಸುವ ಮೆದುಳಿನ ಜಾಗದ ಮೇಲೆ ಕಾಯಿಲ್ ಇಟ್ಟು ಒಂದೊಂದೇ ಮಿಡಿತ ಬಿಡುತ್ತಾರೆ. ಸುಮ್ನೆ ತೊಡೆಯ ಮೇಲಿಟ್ಟ ಕೈಯ ಹೆಬ್ಬೆರಳು ತಾನಾಗಿಯೇ ಚಕ್ಕನೆ ಎಗರುತ್ತದೆ. ಅಲ್ಲಿಂದ ಅಳತೆ ಸಿಕ್ಕಿತು. ಆಮೇಲೆ ಕಾಯಿಲನ್ನು ಹಣೆಯ ಎಡಭಾಗದ ಕಡೆಗೆ ತಂದು ಚಿಕಿತ್ಸೆ ಶುರು ಮಾಡುತ್ತಾರೆ. ಟಕಟಕ ಸದ್ದು, ತಲೆಗೆ ಕುಟ್ಟಿದಂಥ ಅನುಭವ. ಕೆಲವರಿಗೆ ತಲೆನೋವು ಬರುತ್ತದೆ. ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ತಲೆಯೊಳಗೆ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್‌ನಂಥ ಲೋಹದ ವಸ್ತು ಇದ್ದವರಿಗೆ ಇದು ಸಲ್ಲದು.

ಹಾಗಾಗಿ ಇದು ನೀವು ಅಂದುಕೊಂಡ ‘ಕರೆಂಟ್’ ಅಲ್ಲ. ಅದು ಇಸಿಟಿ, ಮೆದುಳಿಗೆ ವಿದ್ಯುತ್ ಹರಿಸಿ ಸ್ವಲ್ಪ ಹೊತ್ತು ಫಿಟ್ಸ್ ಬರಿಸುವ ಬೇರೆ ಚಿಕಿತ್ಸೆ. ಟಿಎಂಎಸ್‌ಗೆ ಅರಿವಳಿಕೆ ಬೇಕಿಲ್ಲ, ಎಚ್ಚರವಾಗಿಯೇ ಇರುತ್ತಾರೆ, ಮುಗಿದ ಮೇಲೆ ಎದ್ದು ಮನೆಗೆ ಹೋಗಬಹುದು. ಹಾಗೆಂದು ಇಸಿಟಿಯನ್ನು ದೂರ ಇಡಬೇಡಿ. ಅರಿವಳಿಕೆ ಇಲ್ಲದೆ ಅದನ್ನು ಕೊಡುವುದನ್ನು ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಊಟ ಬಿಟ್ಟವರಿಗೆ, ಜೀವಕ್ಕೇ ಅಪಾಯ ಇರುವವರಿಗೆ ಇವತ್ತಿಗೂ ಅದರಷ್ಟು ಬಲವಾದ ಚಿಕಿತ್ಸೆ ಇನ್ನೊಂದಿಲ್ಲ.

ಟಿಎಂಎಸ್‌ನ ತೊಂದರೆ ಸಮಯದ್ದು. ವಾರಕ್ಕೆ ಐದು ದಿನ, ಸುಮಾರು ಆರು ವಾರ. ಹಳ್ಳಿಯಿಂದ ಬರುವವರು ಬೆಂಗಳೂರಿನಲ್ಲಿ ಒಂದೂವರೆ ತಿಂಗಳು ಎಲ್ಲಿರಬೇಕು? ಜೊತೆಗೆ ಬಂದವರ ಕೆಲಸ ಏನಾಗಬೇಕು? ಮೊದಲೆಲ್ಲ ಒಂದು ಸಲಕ್ಕೆ 37 ನಿಮಿಷ ಹಿಡಿಯುತ್ತಿತ್ತು. ಮೂರೇ ನಿಮಿಷದ ಹೊಸ ಕ್ರಮವೂ ಅಷ್ಟೇ ಕೆಲಸ ಮಾಡುತ್ತದೆ ಎಂದು ಕೆನಡಾದಲ್ಲಿ ನಾನೂರಕ್ಕೂ ಜಾಸ್ತಿ ಜನರ ಮೇಲೆ ನಡೆಸಿದ ಪ್ರಯೋಗ 2018ರಲ್ಲಿ ತೋರಿಸಿತು. ಆದರೂ ಆರು ವಾರ ಆರು ವಾರವೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯ ನೋಲನ್ ವಿಲಿಯಮ್ಸ್ ತಂಡ ಕೈ ಹಾಕಿದ್ದು ಇಲ್ಲಿಗೇ. ದಿನಕ್ಕೆ ಹತ್ತು ಸಲ, ಪ್ರತಿಸಲ ಹತ್ತು ನಿಮಿಷ, ನಡುವೆ 50 ನಿಮಿಷ ಬಿಡುವು. ಹೀಗೆ ಐದು ದಿನ, ಒಟ್ಟು 90,000 ಮಿಡಿತ. ಅದಕ್ಕೂ ಮೊದಲು ಎಂಆರ್‌ಐ ಮಾಡಿ, ಆ ರೋಗಿಯ ಮೆದುಳಿನಲ್ಲಿ ಕಾಯಿಲ್ ಯಾವ ಜಾಗಕ್ಕೆ ಗುರಿಯಿಡಬೇಕು ಎಂದು ಹುಡುಕುತ್ತಾರೆ. ಪ್ರಯೋಗದಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಹೋಲಿಸಿ ನೋಡಲು ಬರೀ ತೋರಿಕೆಯ ಚಿಕಿತ್ಸೆ ಕೊಟ್ಟರು. ನಿಜವಾದದ್ದು ಪಡೆದವರಲ್ಲಿ ನೂರಕ್ಕೆ 79 ಮಂದಿ ಮುಂದಿನ ನಾಲ್ಕು ವಾರದೊಳಗೆ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಯಿಂದ ಹೊರಬಂದರು. ತೋರಿಕೆಯದ್ದು ಪಡೆದವರಲ್ಲಿ ನೂರಕ್ಕೆ 13. ಈ ಅಂಕಿ ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ, ನನಗೂ ಹುಟ್ಟಿತು. 2022ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಆದರೆ ಆ ಪ್ರಯೋಗದಲ್ಲಿ ಇದ್ದವರು ಬರೀ 29 ಜನ. ಅವರನ್ನು ಗಮನಿಸಿದ್ದು ನಾಲ್ಕು ವಾರ. ‘ಹೊರಬಂದರು’ ಎಂದರೆ ಮತ್ತೆ ಬರುವುದಿಲ್ಲ ಎಂದಲ್ಲ. ಈ ಕಾಯಿಲೆ ಮರುಕಳಿಸುತ್ತದೆ. ಐದು ದಿನದ ನಂತರವೂ ಮಾತ್ರೆ, ತಪಾಸಣೆ ಮುಂದುವರಿಯಲೇಬೇಕು. ಸಾಗರ ದಾಟಿ ಹೋಗಿ ಬಂದು, ಮೂರು ತಿಂಗಳಿಗೆ ಮತ್ತೆ ಕುಸಿದರೆ ಆಗ ಯಾವ ಸೈಟು ಮಾರುತ್ತೀರಿ? ಬೇಡ. ಮಾರಬೇಡಿ.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಎರಡು ಬಗೆಯ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡೂ ಗುಣವಾಗದಿದ್ದರೆ ಮಾತ್ರ ಚಿಕಿತ್ಸೆಗೆ ಬಗ್ಗದ ಖಿನ್ನತೆ ಎನ್ನುತ್ತಾರೆ. ಮೂರು ಸಲ ಬದಲಾಯಿತು ಎಂದಿರಿ. ಪ್ರತಿಯೊಂದನ್ನೂ ಆರೆಂಟು ವಾರ ಬಿಡದೆ ತೆಗೆದುಕೊಂಡರಾ? ವಾಕರಿಕೆ ಬಂತೆಂದು ಹತ್ತೇ ದಿನಕ್ಕೆ ಬಿಟ್ಟಿದ್ದುಂಟಾ? ಥೈರಾಯ್ಡ್ ನೋಡಿಸಿದ್ದೀರಾ? ಎಂದಾದರೂ ದಿನಗಟ್ಟಲೆ ನಿದ್ದೆಯೇ ಬೇಡವೆನಿಸಿ, ಅತಿಯಾದ ಹುರುಪಿನಲ್ಲಿ ಓಡಾಡಿದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆಗ ಕಾಯಿಲೆಯ ಹೆಸರೇ ಬದಲಾಗಬಹುದು. ಜೊತೆಗೆ ಮಾತಿನ ಚಿಕಿತ್ಸೆ ಸಿಕ್ಕಿದೆಯಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಇದಾದ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ಟಿಎಂಎಸ್ ಅಲ್ಲೂ ಇದೆ. ಬೇರೆ ಕಡೆ ‘ಐದು ದಿನದ ಕೋರ್ಸ್’ ಎಂಬ ಬೋರ್ಡ್ ಕಂಡರೆ ಒಳಗೆ ಹೋಗಿ ಕೇಳಿ: ಗುರಿ ಹುಡುಕಲು ಎಂಆರ್‌ಐ ಮಾಡುತ್ತೀರಾ? ದಿನಕ್ಕೆ ಎಷ್ಟು ಸಲ, ಎಷ್ಟು ಮಿಡಿತ? ಫಿಟ್ಸ್ ಬಂದರೆ ನೋಡಿಕೊಳ್ಳಲು ಯಾರಿರುತ್ತಾರೆ? ಕೋರ್ಸ್ ಮುಗಿದ ಮೇಲೆ ಏನು? ದಿನ ಐದಾದ ಮಾತ್ರಕ್ಕೆ ಅದು ಸ್ಟ್ಯಾನ್‌ಫರ್ಡ್‌ನ ಕ್ರಮ ಆಗುವುದಿಲ್ಲ.

ತಂಗಿಗೆ ಹೇಳದೆ ಇದ್ಯಾವುದನ್ನೂ ಗೊತ್ತು ಮಾಡಬೇಡಿ. ಈ ಪುಟವನ್ನು ಅವರ ಕೈಗೇ ಕೊಡಿ, ಅವರೂ ಓದಲಿ. ಹಳೆಯ ಚೀಟಿಗಳನ್ನೆಲ್ಲ ಇಬ್ಬರೂ ಕೂತು ಜೋಡಿಸಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾಕೆ ಬಿಟ್ಟರು ಎಂದು ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಮುಂದೆ ಇಡಿ.

– ಸಂಪಾದಕ