ಫೋರ್ ಎಚ್ ಎಲೆಕ್ಟ್ರಿಕ್ ಪ್ರಾಜೆಕ್ಟ್‌ಗೆ ರೆಕಾರ್ಡ್ ಬುಕ್ ಬರೀಲೇಬೇಕಾ? ಲ್ಯಾಂಪ್ ಚೆನ್ನಾಗಿದ್ರೆ ಸಾಲ್ದಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಮಗನಿಗೆ 10 ವರ್ಷ, ಅಮೆರಿಕದಲ್ಲಿ ಇದೇ ವರ್ಷ ಫೋರ್ ಎಚ್ ಕ್ಲಬ್ (ಮಕ್ಕಳು ಪ್ರಾಜೆಕ್ಟ್ ಮಾಡ್ತಾ ಕಲಿಯೋ ಕ್ಲಬ್) ಸೇರಿ ಎಲೆಕ್ಟ್ರಿಕ್ ಪ್ರಾಜೆಕ್ಟ್ ತಗೊಂಡಿದಾನೆ, ಟೇಬಲ್ ಲ್ಯಾಂಪ್ ಮಾಡಿ ಮುಗಿಸಿದಾನೆ, ಆದ್ರೆ ಮಾಡಿದ್ದನ್ನೆಲ್ಲ ಬರೆದಿಡೋ ರೆಕಾರ್ಡ್ ಬುಕ್‌ನಲ್ಲಿ ಒಂದಕ್ಷರಾನೂ ಬರ್ದಿಲ್ಲ, ಲೀಡರ್ ನೋಡಿದ್ರೆ ರೆಕಾರ್ಡ್ ಇಲ್ದೆ ಅವಾರ್ಡ್ ಇಲ್ಲ ಅಂದಿದಾರೆ, ಈಗ ನಾವೇ ಕೂತು ಹಳೇ ತಾರೀಕು ಹಾಕಿ ತುಂಬಿಸಿಕೊಡಬಹುದಾ ಅಂತ ಕೇಳಿದೀರ. ನಾನು ಆರು ವರ್ಷದಿಂದ ಒಂದು ಕ್ಲಬ್‌ನಲ್ಲಿ ಇದೇ ಎಲೆಕ್ಟ್ರಿಕ್ ಪ್ರಾಜೆಕ್ಟ್‌ಗೆ ವಾಲಂಟಿಯರ್ ಆಗಿದೀನಿ, ನನ್ನ ಮಗಳೂ ಇದೇ ಪ್ರಾಜೆಕ್ಟ್ ಮಾಡಿ ಬೆಳೆದವಳು. ಉತ್ತರ ಸ್ವಲ್ಪ ಉದ್ದ ಆಗತ್ತೆ.

ಮೊದಲಿಗೇ ಹೇಳ್ತೀನಿ, ನೀವು ತುಂಬಿಸಿಕೊಡಬೇಡಿ. ಹಳೇ ತಾರೀಕು ಹಾಕಿ, ಅವತ್ತೇ ಬರೆದ ಹಾಗೆ ತೋರಿಸೋದೂ ಬೇಡ. ಹಾಗಂತ ಇದುವರೆಗೂ ಮಾಡಿದ್ದೆಲ್ಲ ಹೋಯ್ತು ಅಂತಾನೂ ಇಲ್ಲ, ಸರಿಯಾಗಿ ಬರೆಯೋಕೆ ಒಂದು ದಾರಿ ಇದೆ, ಅದನ್ನ ಕೊನೇಲಿ ಹೇಳ್ತೀನಿ.

ಅವಾರ್ಡ್ ವಿಷಯ ಮೊದಲು ಬಿಡಿಸಿ ಹೇಳಬೇಕು, ಯಾಕಂದ್ರೆ ಅಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಹೋಗಿದೆ. ಕೌಂಟಿ ಫೇರ್‌ನಲ್ಲಿ, ಅಂದ್ರೆ ನಮ್ಮ ಜಿಲ್ಲೆ ಥರದ ಕೌಂಟಿ ನಡೆಸೋ ಮೇಳದಲ್ಲಿ, ಲ್ಯಾಂಪ್ ಇಟ್ಟಾಗ ಕೊಡೋ ರಿಬ್ಬನ್ ಒಂದು, ವರ್ಷದ ಕೊನೇಲಿ ಪ್ರಾಜೆಕ್ಟ್‌ಗೆ ಅಂತ ಕೊಡೋ ಪಿನ್ ಅಥವಾ ಮೆಡಲ್ ಇನ್ನೊಂದು. ಫೇರ್‌ನಲ್ಲಿ ಜಡ್ಜ್ ನೋಡೋದು ವಸ್ತುವನ್ನ. ಅಲ್ಲಿ ಬಹಳ ಕಡೆ ಡ್ಯಾನಿಷ್ ಪದ್ಧತಿ ಅಂತ ನಡೆಸ್ತಾರೆ, ಅಂದ್ರೆ ನಿಮ್ಮ ಮಗನ ಲ್ಯಾಂಪನ್ನ ಪಕ್ಕದ ಹುಡುಗಿಯ ಲ್ಯಾಂಪ್ ಜೊತೆ ಹೋಲಿಸಲ್ಲ, ಒಳ್ಳೇ ಲ್ಯಾಂಪ್ ಹೇಗಿರಬೇಕು ಅನ್ನೋ ಒಂದು ಮಟ್ಟದ ಜೊತೆ ಹೋಲಿಸ್ತಾರೆ. ಆ ಮಟ್ಟ ಮುಟ್ಟಿದ್ರೆ ನೀಲಿ, ಚೆನ್ನಾಗಿದೆ ಆದ್ರೆ ಕೆಲವು ತಪ್ಪಿದೆ ಅಂದ್ರೆ ಕೆಂಪು, ತುಂಬಾ ಸುಧಾರಿಸಬೇಕು ಅಂದ್ರೆ ಬಿಳಿ. ಹತ್ತು ಮಕ್ಕಳು ಚೆನ್ನಾಗಿ ಮಾಡಿದ್ರೆ ಹತ್ತಕ್ಕೂ ನೀಲಿ ಬರಬಹುದು. ನೀಲಿ ಬಂದವುಗಳಲ್ಲಿ ಆಮೇಲೆ ಚಾಂಪಿಯನ್ ಆರಿಸೋದು ಬೇರೆ. ಸಾಮಾನ್ಯವಾಗಿ ಎಂಟು ವರ್ಷದೊಳಗಿನ ಪುಟಾಣಿಗಳನ್ನ ಕ್ಲೋವರ್‌ಬಡ್ ಅಂತಾರೆ, ಅವರಿಗೆ ಸ್ಪರ್ಧೆನೇ ಇರಲ್ಲ, ಭಾಗವಹಿಸಿದ್ದಕ್ಕೇ ರಿಬ್ಬನ್. ಹಾಗಾಗಿ ಮಗನಿಗೆ ಕೆಂಪು ಬಂದ್ರೆ ಸೆಕೆಂಡ್ ಬಂದ ಅಂತ ಅರ್ಥ ಮಾಡ್ಕೋಬೇಡಿ, ಅಲ್ಲಿ ರ‍್ಯಾಂಕ್ ಲೆಕ್ಕ ಇಲ್ಲ.

ನಿಮ್ಮ ಲೀಡರ್ ಹೇಳ್ತಿರೋದು ಎರಡನೇ ಥರದ್ದು, ವರ್ಷದ ಕೊನೇದು. ಅದು ಪೂರ್ತಿ ರೆಕಾರ್ಡ್ ಮೇಲೇ ನಿಂತಿರತ್ತೆ. ಲ್ಯಾಂಪ್ ಎಷ್ಟೇ ಚೆನ್ನಾಗಿರಲಿ, ಶುರುವಿನಲ್ಲಿ ಏನು ಮಾಡಬೇಕು ಅಂತಿದ್ದ, ಏನು ಮಾಡಿದ, ಎಷ್ಟು ಹೊತ್ತು ಆಯ್ತು, ಎಷ್ಟು ಖರ್ಚಾಯ್ತು, ಏನು ಕಲಿತ, ಬೇರೆಯವರಿಗೆ ಏನು ತೋರಿಸಿಕೊಟ್ಟ, ಇದೆಲ್ಲ ಅದರೊಳಗೆ ಇರಬೇಕು. ದೊಡ್ಡ ಮಕ್ಕಳಿಗೆ ಇದೇ ರೆಕಾರ್ಡ್ ವರ್ಷ ವರ್ಷ ಸೇರಿ ಸ್ಟೇಟ್ ಮಟ್ಟದ ಪೋರ್ಟ್‌ಫೋಲಿಯೋ ಆಗತ್ತೆ, ನ್ಯಾಷನಲ್ ಫೋರ್ ಎಚ್ ಕಾಂಗ್ರೆಸ್ ಅನ್ನೋ ದೇಶಮಟ್ಟದ ಸಮಾವೇಶಕ್ಕೆ ಹೋಗೋ ಮಕ್ಕಳನ್ನ ಎಷ್ಟೋ ಸ್ಟೇಟ್‌ಗಳು ಅದನ್ನ ನೋಡೇ ಆರಿಸ್ತವೆ. ಫಾರಂ, ಕೊನೇ ದಿನಾಂಕ, ವಯಸ್ಸಿನ ಗುಂಪು ಇವೆಲ್ಲ ಒಂದೊಂದು ಸ್ಟೇಟ್‌ನಲ್ಲಿ ಒಂದೊಂದು ಥರ, ಅದಕ್ಕೆ ಫೋರ್ ಎಚ್ ನೋಡ್ಕೊಳ್ಳೋ ನಿಮ್ಮ ಕೌಂಟಿಯ ಎಕ್ಸ್‌ಟೆನ್ಷನ್ ಆಫೀಸ್‌ನಲ್ಲೇ ಕೇಳಿ.

ಇಷ್ಟೊಂದು ಬರೆಸೋದು ಯಾಕೆ ಅಂತ ಮೊದಲ ವರ್ಷ ನನಗೂ ಬೇಜಾರಾಗಿತ್ತು. ಆಮೇಲೆ ಹಳೇದೆಲ್ಲ ಓದಿದಾಗ ಗೊತ್ತಾಯ್ತು, ಈ ಕ್ಲಬ್‌ಗಳು ಹುಟ್ಟಿದ್ದೇ ಲೆಕ್ಕ ಬರೆಯೋದರ ಜೊತೆಗೆ. 1902ರಲ್ಲಿ ಓಹಿಯೋದ ಕ್ಲಾರ್ಕ್ ಕೌಂಟಿಯಲ್ಲಿ ಎ. ಬಿ. ಗ್ರಹಾಂ ಅನ್ನೋ ಶಾಲಾ ಸೂಪರಿಂಟೆಂಡೆಂಟ್ ಮಕ್ಕಳನ್ನ ಸೇರಿಸಿ ಶುರು ಮಾಡಿದ್ರು, ಅದನ್ನೇ ಫೋರ್ ಎಚ್‌ನ ಮೊದಲು ಅಂತ ಲೆಕ್ಕ ಹಿಡೀತಾರೆ. ಅದಾದ ಮೇಲೆ ದಕ್ಷಿಣದ ಸ್ಟೇಟ್‌ಗಳಲ್ಲಿ ಜೋಳದ ಕ್ಲಬ್ ಬಂತು, ಒಬ್ಬೊಬ್ಬ ಹುಡುಗ ಒಂದೊಂದು ಎಕರೆಯಲ್ಲಿ ಮುಸುಕಿನ ಜೋಳ ಬೆಳೀಬೇಕು. ಬಹುಮಾನ ಕೊಡುವಾಗ ಇಳುವರಿ ಒಂದೇ ನೋಡ್ತಿರಲಿಲ್ಲ, ಖರ್ಚು ಕಳೆದು ಎಷ್ಟು ಉಳೀತು, ಹೇಗೆ ಬೆಳೆದೆ ಅಂತ ಅವನೇ ಬರೆದ ವಿವರ ಹೇಗಿದೆ, ಅದೂ ಲೆಕ್ಕಕ್ಕೆ ಬರ್ತಿತ್ತು. 1910ರಲ್ಲಿ ದಕ್ಷಿಣ ಕ್ಯಾರೊಲೈನಾದ ಜೆರ್ರಿ ಮೂರ್ ಅನ್ನೋ ಹುಡುಗ ಒಂದೇ ಎಕರೆಯಲ್ಲಿ 228 ಬುಷೆಲ್‌ಗೂ (ಬುಷೆಲ್ ಅಂದ್ರೆ ಅಲ್ಲಿ ಧಾನ್ಯ ಅಳೆಯೋ ಮಾಪನ) ಹೆಚ್ಚು ಜೋಳ ಬೆಳೆದ. ನೂರು ವರ್ಷ ದಾಟಿದ ಮೇಲೂ ಆ ಅಂಕಿಯನ್ನ ಜನ ಹೇಳ್ತಾರೆ ಅಂದ್ರೆ ಅವತ್ತು ಅಳೆದು ಬರೆದಿಟ್ಟಿದ್ರಿಂದ ತಾನೇ.

ಕರೆಂಟ್ ವಿಷಯನೂ ಹಾಗೇ. 1930ರ ದಶಕದ ಮಧ್ಯದಲ್ಲಿ ಅಮೆರಿಕದ ಹೊಲಮನೆಗಳಲ್ಲಿ ಹತ್ತಕ್ಕೆ ಒಂದರಲ್ಲಿ ಮಾತ್ರ ಕರೆಂಟ್ ಇತ್ತು. 1935ರಲ್ಲಿ ಗ್ರಾಮೀಣ ವಿದ್ಯುದೀಕರಣಕ್ಕೆ ಅಂತಾನೇ ಸರ್ಕಾರ ಒಂದು ಸಂಸ್ಥೆ ಮಾಡಿತು, ಮುಂದಿನ ವರ್ಷ ಕಾಯ್ದೆನೂ ಬಂತು, ಆಮೇಲೆ ಹಳ್ಳಿ ಹಳ್ಳಿಗೆ ಕಂಬ ಬಂದವು. ಹೊಸದಾಗಿ ಕರೆಂಟ್ ಬಂದ ಮನೇಲಿ ಯಾವ ಬಲ್ಬ್ ಎಷ್ಟು ಹೊತ್ತು ಉರೀತು, ಮೋಟರ್ ಎಷ್ಟು ತಗೊಳ್ತು ಅಂತ ಲೆಕ್ಕ ಇಡೋದು ದುಡ್ಡಿನ ಪ್ರಶ್ನೆ. ಈಗಲೂ ಆ ಲೆಕ್ಕ ಮಕ್ಕಳಿಗೆ ಮಾಡಿಸಿದ್ರೆ ಕಣ್ಣರಳಿಸ್ತಾರೆ. 60 ವ್ಯಾಟ್‌ನ ಹಳೇ ಬಲ್ಬ್ ದಿನಾ 5 ಗಂಟೆ 30 ದಿನ ಉರಿದ್ರೆ 9 ಯೂನಿಟ್, ಅಷ್ಟೇ ಬೆಳಕಿನ 9 ವ್ಯಾಟ್ ಎಲ್‌ಇಡಿ ಉರಿದ್ರೆ 1.35 ಯೂನಿಟ್. ಮಗನ ಹತ್ರ ಅವನದೇ ಲ್ಯಾಂಪ್‌ಗೆ ಈ ಲೆಕ್ಕ ಮಾಡಿಸಿ, ರೆಕಾರ್ಡ್‌ನಲ್ಲಿ ಒಂದು ಪುಟ ತುಂಬತ್ತೆ, ಅದೂ ತುಂಬಿಸಬೇಕಲ್ಲ ಅಂತ ತುಂಬಿಸಿದ್ದಾಗಿರಲ್ಲ.

ಇನ್ನು ನನ್ನ ಮಗಳ ವಿಷಯ, ಇದನ್ನ ಹೇಳೋಕೇ ಇಷ್ಟು ಬರೀತಿರೋದು ಅಂತಿಟ್ಕೊಳ್ಳಿ. ಮೊದಲ ವರ್ಷ ಅವಳೂ ಲ್ಯಾಂಪೇ ಮಾಡಿದ್ಲು. ಕೆಂಪು ರಿಬ್ಬನ್ ಬಂತು. ಜಡ್ಜ್ ಸಾಕೆಟ್ ಬಿಚ್ಚಿಸಿ ನೋಡಿದ್ರು, ವೈರ್ ಎಲ್ಲ ಸರಿಯಾದ ಸ್ಕ್ರೂಗೇ ಹೋಗಿತ್ತು, ಗೆರೆ ಇರೋ ವೈರ್ ನ್ಯೂಟ್ರಲ್, ಅದು ಬೆಳ್ಳಿ ಬಣ್ಣದ ಸ್ಕ್ರೂಗೆ, ಇನ್ನೊಂದು ಹಿತ್ತಾಳೆ ಬಣ್ಣದ್ದಕ್ಕೆ. ಇದು ಅದಲು ಬದಲಾದ್ರೂ ಲ್ಯಾಂಪ್ ಉರಿಯತ್ತೆ, ಆದ್ರೆ ಬಲ್ಬ್ ತಿರುಗಿಸಿ ಹಾಕೋ ಲೋಹದ ಸುರುಳಿಗೇ 120 ವೋಲ್ಟ್ ಬಂದಿರತ್ತೆ, ಬಲ್ಬ್ ಬದಲಾಯಿಸುವಾಗ ಬೆರಳು ತಾಗಿದ್ರೆ ಶಾಕ್. ಅದನ್ನ ಅವಳು ಸರಿಯಾಗಿ ಮಾಡಿದ್ಲು. ತಪ್ಪಿದ್ದು ಗಂಟು. ಸಾಕೆಟ್ ಒಳಗೆ ಎರಡೂ ವೈರ್ ಸೇರಿಸಿ ಅಂಡರ್‌ರೈಟರ್ಸ್ ಗಂಟು ಅಂತ ಹಾಕಬೇಕು, ಯಾರಾದ್ರೂ ಕಾಲಿಗೆ ಸಿಕ್ಕಿಸಿಕೊಂಡು ವೈರ್ ಎಳೆದ್ರೆ ಆ ಎಳೆತ ಗಂಟಿನ ಮೇಲೆ ಬೀಳತ್ತೆ, ಸ್ಕ್ರೂ ಮೇಲೆ ಬೀಳಲ್ಲ. ಅದನ್ನ ಹಾಕಿರಲಿಲ್ಲ. ಆ ಜಡ್ಜ್ ಚೀಟಿಯಲ್ಲಿ ಎರಡೇ ಸಾಲು ಬರೆದುಕೊಟ್ರು. ಅವಳು ರಿಬ್ಬನ್ ಬಿಸಾಕೋ ಮನಸ್ಸಲ್ಲಿದ್ಲು, ನಾನು ಚೀಟಿನ ರೆಕಾರ್ಡ್ ಬುಕ್‌ಗೆ ಅಂಟಿಸಿಬಿಟ್ಟೆ. ಮುಂದಿನ ವರ್ಷ ಗುರಿ ಬರೆಯೋ ಪುಟಕ್ಕೆ ಬಂದಾಗ ಅವಳೇ ಹಿಂದಿನ ವರ್ಷದ ಪುಟ ತಿರುಗಿಸಿ ನೋಡಿ, ಗಂಟು ಹಾಕೋದು ಕಲೀತೀನಿ, ಇನ್ನಿಬ್ಬರಿಗೆ ಕಲಿಸ್ತೀನಿ ಅಂತ ಬರೆದ್ಲು. ಕಲಿಸಿದ್ಲೂ ಕೂಡ.

ಅದೇ ಎರಡನೇ ವರ್ಷ ಎಲೆಕ್ಟ್ರೋಮ್ಯಾಗ್ನೆಟ್ ಮಾಡಿದ್ವಿ, ಕಬ್ಬಿಣದ ಮೊಳೆಗೆ ಇನ್ಸುಲೇಟೆಡ್ ತಾಮ್ರದ ವೈರ್ ಸುತ್ತಿ ಒಂದು ಬ್ಯಾಟರಿಗೆ ಜೋಡಿಸೋದು, ಎಷ್ಟು ಪೇಪರ್ ಕ್ಲಿಪ್ ಎತ್ತತ್ತೆ ಅಂತ ಎಣಿಸೋದು. 10 ಸುತ್ತಿಗೆ 3 ಕ್ಲಿಪ್, 20ಕ್ಕೆ 7, 30ಕ್ಕೆ 10 ಬಂತು, 40 ಸುತ್ತು ಮಾಡಿದ್ರೆ ಬಂದಿದ್ದು 6. ಅವಳಿಗೆ ಅಳು ಬರೋ ಹಾಗಾಯ್ತು, 13 ಅಂತ ಬರ್ಕೊಳ್ಳಲಾ ಅಮ್ಮ, ಅಷ್ಟೇ ತಾನೇ ಬರಬೇಕಾಗಿದ್ದು ಅಂದ್ಲು. ಬೇಡ, ಬಂದಿದ್ದನ್ನೇ ಬರಿ, ಎಷ್ಟು ಗಂಟೆಗೆ ಮಾಡಿದ್ವಿ ಅನ್ನೋದನ್ನೂ ಬರಿ ಅಂದೆ. ಮಾರನೇ ದಿನ ಅದೇ ಬ್ಯಾಟರಿಯಲ್ಲಿ ಮತ್ತೆ 10 ಸುತ್ತು ಮಾಡಿದ್ರೆ ಒಂದೇ ಕ್ಲಿಪ್. ಆಗ ಟೇಬಲ್ ನೋಡ್ತಾ ನೋಡ್ತಾ ಅವಳೇ ಹೇಳಿದ್ಲು, ಸುತ್ತು ಜಾಸ್ತಿ ಆಗ್ತಾ ಹೋದ ಹಾಗೆ ಬ್ಯಾಟರಿ ಹಳೇದಾಗ್ತಾ ಹೋಗಿದೆ ಅಲ್ವಾ ಅಂತ. ಸರಿಯಾಗಿ ಹಿಡಿದಿದ್ಲು. ಅಷ್ಟು ಚಿಕ್ಕ ವೈರ್‌ಗೆ ರೆಸಿಸ್ಟೆನ್ಸ್ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ, ಕರೆಂಟ್ ಜೋರಾಗಿ ಹರಿಯತ್ತೆ, ಬ್ಯಾಟರಿ ಬಿಸಿಯಾಗಿ ಬೇಗ ಖಾಲಿಯಾಗತ್ತೆ. ಹೊಸ ಬ್ಯಾಟರಿ ತಂದು, ಪ್ರತಿ ಸಲನೂ ಎರಡು ಸೆಕೆಂಡ್ ಮಾತ್ರ ಜೋಡಿಸಿ, 40ರಿಂದ ಶುರು ಮಾಡಿ ಕೆಳಗೆ ಬಂದು ಮತ್ತೆ ಅಳೆದ್ಲು, ಆಗ 40ಕ್ಕೆ 13 ಬಂತು, 30ಕ್ಕೆ 11.

ಕೊನೆಗೆ ಬಂದಿದ್ದೂ 13 ತಾನೇ, ಮೊದಲೇ ಅದನ್ನ ಬರ್ಕೊಂಡಿದ್ರೆ ಏನಾಗ್ತಿತ್ತು ಅಂತ ನೀವು ಕೇಳಬಹುದು. 13 ಅಂತ ಬರ್ಕೊಂಡಿದ್ರೆ ಬ್ಯಾಟರಿ ಬಗ್ಗೆ ಅವಳಿಗೆ ಆ ವರ್ಷ ಗೊತ್ತೇ ಆಗ್ತಿರಲಿಲ್ಲ. ಫೇರ್‌ನಲ್ಲಿ ಜಡ್ಜ್ ಮಕ್ಕಳ ಜೊತೆ ಕೂತು ಮಾತಾಡೋ ಥರದ ಜಡ್ಜಿಂಗ್ ಇತ್ತು, ಅವರು ಬೋರ್ಡ್ ಮೇಲಿನ ಚೆಂದದ ಗ್ರಾಫ್ ಒಂದು ಸಲ ನೋಡಿ, ಉಳಿದ ಹೊತ್ತೆಲ್ಲ ಆ 6 ಅನ್ನೋ ಅಂಕಿ ಬಗ್ಗೇನೇ ಕೇಳಿದ್ರು. ನೀಲಿ ಬಂತು, ವರ್ಷದ ಕೊನೇಲಿ ಪ್ರಾಜೆಕ್ಟ್ ಮೆಡಲ್ಲೂ ಬಂತು. ನಾನು ಆಮೇಲೆ ಬೇರೆ ಮಕ್ಕಳ ರೆಕಾರ್ಡ್ ಓದೋಕೆ ಕೂತಾಗಲೂ ಇದನ್ನೇ ನೋಡ್ತೀನಿ, ಎಲ್ಲಾ ಸಲೀಸಾಗಿ ಆಯ್ತು ಅಂತ ಬರೆದಿರೋ ಪುಟ ಓದಿದ್ರೆ ಮಗು ಏನು ಕಲಿತು ಅಂತ ಗೊತ್ತೇ ಆಗಲ್ಲ, ಫ್ಯೂಸ್ ಹೋಯ್ತು, ಸೀರೀಸ್‌ನಲ್ಲಿ (ಒಂದರ ಹಿಂದೊಂದು ಜೋಡಿಸಿ) ಮೂರನೇ ಬಲ್ಬ್ ಹಾಕಿದಾಗ ಎಲ್ಲಾ ಮಂಕಾಯ್ತು, ಪ್ಯಾರಲಲ್ (ಪ್ರತಿ ಬಲ್ಬ್‌ಗೂ ಬೇರೆ ದಾರಿ) ಮಾಡಿದ ಮೇಲೆ ಸರಿಯಾಯ್ತು ಅಂತಿದ್ರೆ ಆ ಮಗು ಕೈಯಲ್ಲಿ ವೈರ್ ಹಿಡ್ಕೊಂಡು ಯೋಚನೆ ಮಾಡಿದೆ ಅಂತ ಕಾಣತ್ತೆ.

ಈಗ ನಿಮ್ಮ ಮಗನ ಬುಕ್. ಫೋನ್‌ನಲ್ಲಿ ಅವನು ಲ್ಯಾಂಪ್ ಮಾಡುವಾಗ ತೆಗೆದ ಫೋಟೋ ಇದ್ದೇ ಇರತ್ತೆ, ಅದರಲ್ಲಿ ತಾರೀಕು ಇರತ್ತೆ. ಸಾಮಾನು ತಂದ ರಸೀದಿ ಸಿಕ್ರೆ ಅದೂ ಇಡಿ, ಕ್ಲಬ್ ಮೀಟಿಂಗ್ ದಿನಗಳು ಲೀಡರ್ ಹತ್ರ ಇರತ್ವೆ. ಇದನ್ನೆಲ್ಲ ಅವನ ಮುಂದೆ ಹರಡಿ ಒಂದೊಂದು ಫೋಟೋ ತೋರಿಸಿ ಅವತ್ತು ಏನಾಯ್ತು ಅಂತ ಕೇಳಿ, ಅವನೇ ಅವನ ಮಾತಲ್ಲಿ ಬರೀಲಿ, ಸ್ಪೆಲ್ಲಿಂಗ್ ತಪ್ಪಾದ್ರೂ ಪರವಾಗಿಲ್ಲ. ಮೇಲೆ ಇವತ್ತಿನ ತಾರೀಕು ಹಾಕಿ, ಫೋಟೋ ನೋಡಿ ನೆನಪಿನಿಂದ ಬರೆದದ್ದು ಅಂತ ಒಂದು ಸಾಲು ಸೇರಿಸಲಿ. ನಾನು ಓದೋ ರೆಕಾರ್ಡ್‌ನಲ್ಲಿ ಹಾಗೆ ಬರೆದಿದ್ರೆ ಅದಕ್ಕೆ ಅಂಕ ಕಳೆಯಲ್ಲ, ಒಂದೇ ಪೆನ್, ಒಂದೇ ಕೈಬರಹ, ಮೂರು ತಿಂಗಳ ತಾರೀಕು ಇದ್ರೆ ಮಾತ್ರ ಮಗುನ ಕರೆದು ಮಾತಾಡಿಸ್ತೀನಿ. ಶುರುವಿನಲ್ಲಿ ಗುರಿ ಬರ್ದಿಲ್ಲ ಅಂದ್ರೆ ಈಗ ಕಲ್ಪಿಸಿಕೊಂಡು ಬರೆಯೋದು ಬೇಡ, ಉಳಿದಿರೋ ತಿಂಗಳಿಗೆ ಒಂದು ಗುರಿ ಬರೀಲಿ, ಎಷ್ಟು ಅಂತ ಅಳೆಯೋಕೆ ಆಗೋ ಥರದ್ದು. ಎಲೆಕ್ಟ್ರಿಸಿಟಿ ಬಗ್ಗೆ ಕಲೀತೀನಿ ಅನ್ನೋದು ಗುರಿ ಅಲ್ಲ, ಸೀರೀಸ್ ಒಂದು ಪ್ಯಾರಲಲ್ ಒಂದು ಸರ್ಕ್ಯೂಟ್ ಮಾಡಿ ಎರಡರ ವೋಲ್ಟೇಜ್ ಮಲ್ಟಿಮೀಟರ್ ಅನ್ನೋ ಅಳತೆ ಮೀಟರ್‌ನಲ್ಲಿ ಅಳೆದು ಬರೀತೀನಿ ಅನ್ನೋದು ಗುರಿ. ಮಕ್ಕಳು ಅಳೆಯೋದೆಲ್ಲ ಬ್ಯಾಟರಿ ಸರ್ಕ್ಯೂಟ್‌ನಲ್ಲೇ ಇರಲಿ, ಗೋಡೆ ಪ್ಲಗ್ ಹತ್ರ ಮೀಟರ್ ಹಿಡ್ಕೊಂಡು ಹೋಗೋಕೆ ಬಿಡಬೇಡಿ, ಲ್ಯಾಂಪ್ ಬಿಚ್ಚೋ ಮುಂಚೆ ಪ್ಲಗ್ ಕಿತ್ತು ಅದು ಕಣ್ಣೆದುರೇ ಇರೋ ಹಾಗೆ ಮೇಜಿನ ಮೇಲೆ ಇಟ್ಕೊಳ್ಳೋಕೆ ಹೇಳಿ.

ಖರ್ಚಿನ ಪುಟ ಬಹಳ ಜನ ಖಾಲಿ ಬಿಡ್ತಾರೆ, ಬಿಡಬೇಡಿ. ಮನೇಲೇ ಇದ್ದ ಹಳೇ ಬಾಟಲಿಗೆ ಲ್ಯಾಂಪ್ ಮಾಡಿದ್ರೆ ಅದಕ್ಕೆ ಸೊನ್ನೆ ಅಂತ ಬರೀಲಿ, ಅದೂ ಮಾಹಿತಿನೇ. ಮುಂದಿನ ಸಲದಿಂದ ಬುಕ್ ಕಪಾಟಿನಲ್ಲಿಡದೆ ಟೂಲ್ ಡಬ್ಬಿಯಲ್ಲೇ ಇಡಿ, ಸ್ಕ್ರೂಡ್ರೈವರ್ ವಾಪಸ್ ಇಡೋ ಮುಂಚೆ ಮೂರು ಸಾಲು, ತಾರೀಕು, ಏನು ಮಾಡಿದೆ, ಏನು ಕೆಟ್ಟಿತು. ನಮ್ಮ ಕ್ಲಬ್‌ನಲ್ಲಿ ಮೀಟಿಂಗ್ ಮುಗಿಯೋ ಹತ್ತು ನಿಮಿಷ ಮುಂಚೆ ಎಲ್ಲರೂ ಕೂತು ಬರೀತಾರೆ, ಆಮೇಲೇ ಆಟ.

ಮತ್ತೆ ಫೇರ್‌ಗೆ ಮುಂಚೆ ಒಂದು ಸಲ ಅವನ ಲ್ಯಾಂಪ್ ಸಾಕೆಟ್ ಬಿಚ್ಚಿಸಿ ನೋಡಿ, ಆ ಗಂಟು ಇದೆಯಾ ಅಂತ. ಇಲ್ಲ ಅಂದ್ರೆ ಈಗಲೇ ಹಾಕಿಸಿ, ಹಾಕಿದ್ದನ್ನ ತಾರೀಕಿನ ಸಮೇತ ಬರೆಸಿ, ಆ ಒಂದು ಪುಟವಾದ್ರೂ ಅವತ್ತಿಂದು ಅವತ್ತೇ ಬರೆದಿದ್ದಾಗಿರತ್ತೆ.