ಓದುಗರ ಪ್ರಶ್ನೆ, ನಡಾವಳಿ ಬರೆದವನ ಉತ್ತರ

ಪ್ರಶ್ನೆ: ನಮ್ಮೂರಿನ ತೊಗರಿ ಹೊಲಗಳ ಆಚೆಗೆ ಸುಣ್ಣದ ಕಲ್ಲಿನ ಗಣಿ ಬರಲಿದೆ. ಮುಂದಿನ ತಿಂಗಳು ಪರಿಸರ ಸಾರ್ವಜನಿಕ ಅಹವಾಲು ಸಭೆ ಎಂದು ಪಂಚಾಯಿತಿಗೆ ನೋಟಿಸು ಬಂದಿದೆ. ಪಕ್ಕದೂರಿನಲ್ಲಿ ಇಂಥದೇ ಸಭೆಯಲ್ಲಿ ಪೆಂಡಾಲು, ಊಟ, ಕೂಗಾಟ ಎಲ್ಲ ಆಗಿ, ಕೊನೆಗೆ ಗಣಿಯೂ ಬಂತು. ‘ಎಲ್ಲ ಮೊದಲೇ ತೀರ್ಮಾನವಾಗಿದೆ, ಬಹಿಷ್ಕರಿಸೋಣ’ ಎನ್ನುತ್ತಾರೆ ಹುಡುಗರು. ಅವರಿಗೆ ಏನು ಹೇಳಲಿ?
– ಗ್ರಾಮ ಪಂಚಾಯಿತಿ ಸದಸ್ಯೆ, ಕಲಬುರಗಿ ಜಿಲ್ಲೆ

ಉತ್ತರ: ತಾಯಿ, ಹುಡುಗರ ಸಿಟ್ಟಿಗೆ ಕಾರಣವಿದೆ. ಆದರೆ ಬಹಿಷ್ಕಾರದ ಪೆಟ್ಟು ಈ ಸಭೆಗೆ ತಾಗುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಇದಕ್ಕೆ ಕೋರಂ ಬೇಕಿಲ್ಲ. ಮೂರು ಜನ ಬಂದರೂ ಸಭೆ ಸಭೆಯೇ. ಆ ಮೂವರೂ ಕಂಪನಿಯಲ್ಲಿ ಕೆಲಸ ಕೇಳಲು ಬಂದವರಾದರೆ, ಕಡತದಲ್ಲಿ ನಿಮ್ಮೂರಿನ ಅಭಿಪ್ರಾಯ ಅದೇ ಆಗುತ್ತದೆ.

ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಸರ್ಕಾರಿ ಕೆಲಸದಲ್ಲಿದ್ದಾಗ ಇಂಥ ಸಭೆಗಳ ನಡಾವಳಿ ಬರೆಯುವುದು ನನ್ನ ಪಾಲಿಗೆ ಬರುತ್ತಿತ್ತು. ಒಂದು ಊರಿನಲ್ಲಿ ಮುದುಕಿಯೊಬ್ಬಳು ಎದ್ದು ನಿಂತು, ‘ಯುಗಾದಿ ಹೊತ್ತಿಗೆ ನನ್ನ ಬಾವಿಯಲ್ಲಿ ಮೊಣಕಾಲುದ್ದ ನೀರಿರುತ್ತದೆ. ನೀವು ಪಕ್ಕದಲ್ಲೇ ಅದಕ್ಕಿಂತ ಆಳ ತೋಡಿದರೆ ಆ ನೀರು ಯಾವ ಕಡೆ ಹೋಗುತ್ತದೆ?’ ಎಂದು ಕೇಳಿದಳು. ನಾನು ಬರೆದದ್ದು: ‘ಅಂತರ್ಜಲದ ಬಗ್ಗೆ ಕಳವಳ ವ್ಯಕ್ತಪಡಿಸಿದರು.’ ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಕಂಪನಿ ಕೊಡುವ ಅಂತಿಮ ವರದಿಯಲ್ಲಿ ಅದಕ್ಕೆ ಬಂದ ಉತ್ತರವೂ ಒಂದೇ ಸಾಲು: ಅಂತರ್ಜಲಕ್ಕೆ ಧಕ್ಕೆಯಾಗುವುದಿಲ್ಲ. ಬಾವಿ ಹೋಯಿತು, ಯುಗಾದಿ ಹೋಯಿತು, ಮೊಣಕಾಲೂ ಹೋಯಿತು. ಕಂಪನಿ ಉತ್ತರಿಸಲೇಬೇಕಾಗಿದ್ದ ಪ್ರಶ್ನೆಯನ್ನು ಕೊಂದದ್ದು ಕಂಪನಿಯಲ್ಲ, ನನ್ನ ಪೆನ್ನು.

ಆದ್ದರಿಂದ ಸಭೆ ಮುಗಿಯಿತೆಂದು ಎದ್ದು ಹೋಗಬೇಡಿ. ಅಂದು ಆಡಿದ ಮಾತುಗಳ ಸಾರವನ್ನು ಅಲ್ಲೇ ಜನರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಒಪ್ಪಿತವಾದ ನಡಾವಳಿಗೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅದೇ ದಿನ ಸಹಿ ಹಾಕಬೇಕು ಎಂದು ನಿಯಮವಿದೆ. ಇಡೀ ಸಭೆಯ ವಿಡಿಯೊ ಚಿತ್ರೀಕರಣವೂ ಆಗಬೇಕು. ಓದುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಎಮ್ಮೆ ಹಾಲು ಕರೆಯುವ ನೆನಪಾಗುತ್ತದೆ, ಕುರ್ಚಿಗಳು ಖಾಲಿಯಾಗುತ್ತವೆ. ಹತ್ತು ಜನರಾದರೂ ಕೂತಿರಿ. ‘ಕಳವಳ ವ್ಯಕ್ತಪಡಿಸಿದರು’ ಎಂದು ಕೇಳಿಸಿದ ಕೂಡಲೇ ಕೈ ಎತ್ತಿ, ‘ನಾವು ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆಯಿರಿ’ ಎನ್ನಿ. ಲಿಖಿತ ಮನವಿಯನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ಏನು ಕೇಳಬೇಕು ಎಂಬ ವಿಚಾರ. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸು ಬರಬೇಕು. ಗೋವಾದ ಗಣಿಯೊಂದರ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2009ರಲ್ಲಿ ವರದಿಯ ಸಾರಾಂಶವೂ 30 ದಿನ ಮುಂಚೆ ಜನರ ಕೈಗೆ ಸಿಗಬೇಕು ಎಂದಿತು. ಪಂಚಾಯಿತಿಗೆ ಬಂದ ಕನ್ನಡ ಸಾರಾಂಶವನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸಿ. ಅನುವಾದ ಕಂಡು ಹೆದರಬೇಡಿ. ಗಣಿಯಿಂದ ಏಳುವ ಧೂಳಿಗೆ ಇಂಗ್ಲಿಷಿನಲ್ಲಿರುವ ‘ಫ್ಯುಜಿಟಿವ್ ಡಸ್ಟ್’ ಎಂಬ ಹೆಸರನ್ನು ‘ತಲೆಮರೆಸಿಕೊಂಡ ಧೂಳು’ ಎಂದು ಬರೆದ ಸಾರಾಂಶವನ್ನು ನಾನೇ ಕಂಡಿದ್ದೇನೆ. ಪೊಲೀಸರಿಗೆ ದೂರು ಕೊಟ್ಟಿದ್ದೀರಾ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದ್ದರು! ಓದುತ್ತಾ ಹೋದ ಹಾಗೆ ಹುಡುಕಿ: ನೀರಿನ ಮಾದರಿ ತೆಗೆದದ್ದು ಯಾವ ಬಾವಿಯಿಂದ, ಯಾವ ತಿಂಗಳು? ಇಂಥ ವರದಿಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿಅಂಶ ಸಾಕೆಂಬ ಪದ್ಧತಿಯಿದೆ. ತೊಗರಿ ಹೂ ಬಿಡುವಾಗ ಧೂಳು ಕೂತರೆ ಏನಾಗುತ್ತದೆ ಎಂಬುದು ಅದರಲ್ಲಿದೆಯೇ? ಆ ಹುಡುಗರಿಗೆ ಈ ಕೆಲಸ ಹಚ್ಚಿ, ಸಿಟ್ಟಿಗೆ ಒಂದು ದಾರಿಯಾಗುತ್ತದೆ. ಇಷ್ಟು ಮಾಡಿದರೆ ಗಣಿ ನಿಲ್ಲುತ್ತದೆ ಎಂದು ನಾನು ಮಾತು ಕೊಡಲಾರೆ. ಈ ಸಭೆಗೆ ಅನುಮತಿ ಕೊಡುವ ಅಥವಾ ನಿರಾಕರಿಸುವ ಅಧಿಕಾರವಿಲ್ಲ. ಅದನ್ನು ಮೊದಲೇ ಊರಿಗೆ ಹೇಳಿಬಿಡಿ. ಇಲ್ಲದಿದ್ದರೆ ನಾಳೆ ನಿಮ್ಮನ್ನೂ ನಂಬುವುದಿಲ್ಲ.

ಪ್ರಶ್ನೆ: ಪರಿಸರ ವರದಿ ತಯಾರಿಸುವ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದೇನೆ. ಹಳ್ಳಿಗೆ ಹೋದರೆ ಜನ ನಮ್ಮನ್ನು ಕಂಪನಿಯ ಏಜೆಂಟರಂತೆ ನೋಡುತ್ತಾರೆ. ವಿಶ್ವಾಸ ಗಳಿಸುವುದು ಹೇಗೆ?
– ಓದುಗ, ಬೆಂಗಳೂರು

ಉತ್ತರ: ತಮ್ಮಾ, ನಿನಗೆ ಸಂಬಳ ಬರುವುದು ಕಂಪನಿ ಕೊಡುವ ಹಣದಿಂದಲೇ. ಅವರು ನೋಡುವುದರಲ್ಲಿ ತಪ್ಪೇನಿದೆ? ಮೊದಲ ದಿನವೇ ಅದನ್ನು ನೀನಾಗಿಯೇ ಹೇಳು. ‘ಯಾವ ತೊಂದರೆಯೂ ಇಲ್ಲ’ ಎಂದು ಮಾತ್ರ ಹೇಳಬೇಡ. ಗಣಿಯಲ್ಲಿ ಸಿಡಿಮದ್ದು ಸಿಡಿಸುವುದು ಎಲ್ಲರಿಗೂ ಗೊತ್ತಿರುವಾಗ ಈ ಮಾತು ಹೇಳಿದವನನ್ನು ಯಾರು ನಂಬುತ್ತಾರೆ? ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಉತ್ತರ ತರುವ ದಿನವನ್ನು ತಿಳಿಸಿ ಬಾ. ಆ ದಿನ ಮಳೆ ಬಂದರೂ ಹೋಗು.

ಮುಚ್ಚಿಟ್ಟರೆ ಕೆಲಸ ಬೇಗ ಆಗುತ್ತದೆ ಎಂದು ನಿನ್ನ ಮೇಲಿನವರು ಹೇಳಿದರೆ ಗೋವಾದ ಮೋಪಾ ವಿಮಾನ ನಿಲ್ದಾಣವನ್ನು ನೆನಪಿಸು. ಅರ್ಜಿಯಲ್ಲಿ ಸುತ್ತಲಿನ ಕಾಡಿನ ಸಂಗತಿಯನ್ನು ಸರಿಯಾಗಿ ಹೇಳಿರಲಿಲ್ಲ ಎಂಬುದೂ ಒಂದು ಕಾರಣವಾಗಿ, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದರ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ಅದು ತೆರವಾದದ್ದು 2020ರ ಜನವರಿಯಲ್ಲಿ. ಅರ್ಜಿಯಲ್ಲಿ ನಿಜ ಬರೆಯದ್ದೂ ಸೇರಿ ಅಷ್ಟು ತಿಂಗಳು ಹೋದವು.

ಸಭೆಗೆ ಮುನ್ನ ಆ ಊರಿಗೆ ಎರಡು ಸಲವಾದರೂ ಹೋಗು: ಒಮ್ಮೆ ಕೇಳಲು, ಇನ್ನೊಮ್ಮೆ ಕಂಡದ್ದನ್ನು ಹೇಳಲು. ಮುಖಂಡರ ಮನೆಯಲ್ಲಿ ಚಹಾ ಕುಡಿದು ಬಂದರೆ ಅದು ಲೆಕ್ಕಕ್ಕಿಲ್ಲ. ನೀರು ಸೇದುವವರ ಬಳಿ ಹೋಗು, ಯಾವ ಬಾವಿ ಯಾವ ತಿಂಗಳು ಬತ್ತುತ್ತದೆ ಎಂದು ಅವರು ಹೇಳುತ್ತಾರೆ. ಅಳೆಯಲು ಹಗ್ಗ ಮತ್ತು ಟೇಪನ್ನು ನೀನೇ ಒಯ್ಯಿ.