ದಾನದ ಹೆಸರಲ್ಲಿ ಆಟೋಗ್ರಾಫ್‌ಗೆ ದುಡ್ಡು ಕೇಳುವುದು ಸರಿಯೇ?

ನಿಮ್ಮ ಪತ್ರ ಓದಿದೆ. ನಿಮ್ಮ ಮಗಳು ಆಟೋಗ್ರಾಫ್ ಕೇಳಿದಾಗ ಒಬ್ಬ ನಟರು, ‘ಮೊದಲು ಅನಾಥಾಶ್ರಮದ ಡಬ್ಬಿಗೆ 200 ರೂಪಾಯಿ ಹಾಕು’ ಅಂದರು. ಮಗುವಿನ ಅಭಿಮಾನಕ್ಕೂ ಬೆಲೆ ಕಟ್ಟಿದರಲ್ಲ ಅಂತ ನಿಮಗೆ ಬೇಸರವಾಗಿದೆ. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಕೇಳಿದ್ದೇ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಈ ಕೆಲಸವನ್ನು ನಮ್ಮ ದೇಶದಲ್ಲಿ ಒಂದಿಷ್ಟೂ ಸಂಕೋಚವಿಲ್ಲದೆ ಮಾಡಿದವರು ಗಾಂಧೀಜಿ. ಅವರ ಸಹಿಗೆ 5 ರೂಪಾಯಿ. ಆ ಹಣ ದಲಿತರ ಏಳಿಗೆಗಾಗಿ ಇದ್ದ ಹರಿಜನ ನಿಧಿಗೆ ಹೋಗುತ್ತಿತ್ತು, ಆಗ ಅದನ್ನು ಹಾಗೇ ಕರೆಯುತ್ತಿದ್ದರು. 5 ರೂಪಾಯಿ ಅಂದರೆ ಸುಮ್ನೆ ಅಲ್ಲ. ದಿನಕ್ಕೆ ನಾಲ್ಕಾಣೆ, ಅಂದರೆ ಕಾಲು ರೂಪಾಯಿ, ಕೂಲಿ ಸಿಗುವವನಿಗೆ ಅದು 20 ದಿನದ ದುಡಿಮೆ.

1933ರ ನವೆಂಬರಿನಲ್ಲಿ ಅವರು ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತಲು ಹೊರಟರು. ಸುಮಾರು ಒಂಬತ್ತು ತಿಂಗಳು, 12,500 ಮೈಲಿ. ಸೇರಿದ ಹಣ ಹತ್ತಿರ ಹತ್ತಿರ 8 ಲಕ್ಷ ರೂಪಾಯಿ. ತಮಗೆ ಕೊಟ್ಟ ಬಿನ್ನವತ್ತಳೆಯನ್ನು (ಮಾನಪತ್ರವನ್ನು) ಅದೇ ವೇದಿಕೆಯಲ್ಲಿ ನಿಂತು ಹರಾಜು ಹಾಕುತ್ತಿದ್ದರು!

ಆ ಪ್ರವಾಸದ ಒಂದು ಘಟನೆ ನನಗೆ ತುಂಬಾ ಇಷ್ಟ. 1934ರ ಜನವರಿ, ಕೇರಳದ ವಡಗರ. ಕೌಮುದಿ ಎಂಬ 16 ವರ್ಷದ ಹುಡುಗಿ ವೇದಿಕೆಗೆ ಬಂದು ಒಂದು ಚಿನ್ನದ ಬಳೆ ಕೊಟ್ಟು ಆಟೋಗ್ರಾಫ್ ಕೇಳಿದಳು. ಗಾಂಧೀಜಿ ಬರೆಯಲು ಸಿದ್ಧವಾಗುವಷ್ಟರಲ್ಲಿ ಇನ್ನೊಂದು ಕೈಯ ಬಳೆಯೂ ಬಂತು. ಎರಡೂ ಬೇಡಮ್ಮ, ಒಂದೇ ಬಳೆಗೆ ಸಹಿ ಕೊಡುತ್ತೇನೆ ಅಂದರು ಅವರು. ಅವಳು ಉತ್ತರ ಕೊಡಲಿಲ್ಲ, ಕೊರಳಿನ ಸರ ತೆಗೆಯತೊಡಗಿದಳು. ಉದ್ದ ಜಡೆಗೆ ಸಿಕ್ಕಿಕೊಂಡಿದ್ದ ಸರವನ್ನು ಬಿಡಿಸಿ ತೆಗೆಯಬೇಕಾಯಿತು. ಅಪ್ಪ ಅಮ್ಮನ ಒಪ್ಪಿಗೆ ಇದೆಯಾ ಅಂತ ಕೇಳಿದರೆ ಅದಕ್ಕೂ ಮಾತಿಲ್ಲ, ಕಿವಿಯ ಓಲೆಯೂ ಬಂತು. ಅವಳ ತಂದೆ ಅದೇ ಸಭೆಯಲ್ಲಿ ಬಿನ್ನವತ್ತಳೆಯ ಹರಾಜಿನಲ್ಲಿ ಬೆಲೆ ಕೂಗುತ್ತಿದ್ದರಂತೆ. ಅವರ ಒಪ್ಪಿಗೆ ಇದೆ ಅಂತ ಗಾಂಧೀಜಿಗೆ ಆಮೇಲೆ ಗೊತ್ತಾಯಿತು. ನೀನು ಬಿಟ್ಟುಕೊಟ್ಟ ಒಡವೆಗಿಂತ ನಿನ್ನ ತ್ಯಾಗವೇ ನಿಜವಾದ ಒಡವೆ ಅಂತ ಬರೆದು ಸಹಿ ಹಾಕಿದರು. ಆ ಹುಡುಗಿ ಮುಂದೆ ಹಿಂದಿ ಟೀಚರ್ ಆದರು. ಮತ್ತೆ ಚಿನ್ನ ಹಾಕಿಕೊಳ್ಳಲೇ ಇಲ್ಲ.

ಇದೇ ಪ್ರವಾಸದಲ್ಲಿ ಗಾಂಧೀಜಿ ಕೊಡಗಿಗೂ ಬಂದಿದ್ದರು. ನಮ್ಮ ಕಥೆಗಾರ್ತಿ ಕೊಡಗಿನ ಗೌರಮ್ಮ, ಗಾಂಧೀಜಿ ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು ಅವರನ್ನು ಕರೆಸಿಕೊಂಡು, ಒಡವೆ ಕೊಟ್ಟರು. ಅವರಿಗೆ ಆಗ ಇಪ್ಪತ್ತೆರಡರ ಆಸುಪಾಸು.

ಇಲ್ಲಿ ಯಾರಿಗೂ ಅವಮಾನ ಆಗಲಿಲ್ಲ, ಅಲ್ವಾ? ಯಾಕೆ ಅಂದರೆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕೇಳುವವರು ತಮಗಾಗಿ ಬಿಡಿಗಾಸೂ ಇಟ್ಟುಕೊಳ್ಳುವುದಿಲ್ಲ ಅಂತಲೂ ಗೊತ್ತಿತ್ತು.

ನಿಮ್ಮ ವಿಷಯದಲ್ಲಿ ನನಗೆ ಕಾಡುವುದು ಆ ಡಬ್ಬಿ. ಅದರ ಮೇಲೆ ಆಶ್ರಮದ ಹೆಸರಿತ್ತಾ? ರಸೀದಿ ಕೊಟ್ಟರಾ? ಕೆಲವು ವರ್ಷದ ಹಿಂದೆ ಒಂದು ಮೇಳದಲ್ಲಿ ನಾನೂ ಒಬ್ಬ ಆಟಗಾರರ ಸಹಿಗೆ 500 ರೂಪಾಯಿ ಕೊಟ್ಟೆ. ಯಾವ ಸಂಸ್ಥೆಗೆ ಅಂತ ಕೇಳಿದರೆ ಅಲ್ಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಸಹಿ ಇನ್ನೂ ನನ್ನ ಹತ್ತಿರ ಇದೆ. ಅದನ್ನು ನೋಡಿದಾಗೆಲ್ಲ ಮನಸ್ಸಿಗೆ ಕಿರಿಕಿರಿ ಆಗುತ್ತದೆ.

ಹಾಗಾಗಿ ಮುಂದಿನ ಸಲ ಸಂಸ್ಥೆಯ ಹೆಸರು ಕೇಳಿ. ರಸೀದಿ ಕೇಳಿ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಗುವ ನೋಂದಣಿ (80ಜಿ ಅನ್ನುತ್ತಾರೆ) ಇರುವ ಸಂಸ್ಥೆಯಾದರೆ ಅದರ ನಂಬರ್ ರಸೀದಿಯಲ್ಲೇ ಇರುತ್ತದೆ. ಸಾಧ್ಯವಾದರೆ ಸಂಸ್ಥೆಯ ಖಾತೆಗೇ ನೇರವಾಗಿ ಹಾಕಿ. ಇನ್ನೊಂದು ಮಾತು, ದುಡ್ಡಿಲ್ಲದ ಮಗು ಮುಂದೆ ನಿಂತರೆ ದೊಡ್ಡವರು ಸುಮ್ನೆ ಸಹಿ ಹಾಕಿಕೊಡಬೇಕು. ಅದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಮಗಳ ಕೈಯಲ್ಲೇ, ಅವಳು ಕೂಡಿಟ್ಟ ದುಡ್ಡಿನಿಂದಲೇ ಸ್ವಲ್ಪ ಕೊಡಿಸಿ. ರಸೀದಿಯನ್ನು ಆಟೋಗ್ರಾಫ್ ಪುಸ್ತಕದಲ್ಲಿ ಸಹಿಯ ಪಕ್ಕದ ಪುಟಕ್ಕೆ ಅಂಟಿಸಲಿ. ನಾನೂ ಈಗ ಹಾಗೇ ಮಾಡುತ್ತೇನೆ.